ಅಪ್ಪತ್ತಾ ತಿಕ್ಕಿದ ಹರಿವಾಣ

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಹುಳಿ ಮತ್ತು ಲೋಹ ಸೇರಿದ ಆ ವಾಸನೆ ಮೂಗಿಗಿಂತ ಮೊದಲು ಹಲ್ಲಿನ ಬುಡಕ್ಕೆ ತಾಗುತ್ತದೆ. ಬೆರಳಿಗೆ ಹತ್ತಿದರೆ ಎರಡು ಸಲ ಸೋಪು ಹಾಕಿದರೂ ಬಿಡುವುದಿಲ್ಲ. ಹೆಚ್ಚಿನವರಿಗೆ ಅದು ಹಬ್ಬದ ಹಿಂದಿನ ದಿನದ ವಾಸನೆ. ನನಗೆ ಮಾತ್ರ ಅದು ಬಂದರೆ ಯಾರೋ ಬಾಗಿಲು ತಟ್ಟುವವರಿದ್ದಾರೆ, ಅಷ್ಟರೊಳಗೆ ನಾನೊಂದು ಮಾತು ಹೇಳಿಬಿಡಬೇಕು ಅನಿಸುತ್ತದೆ. ಹೋದ ದೀಪಾವಳಿಗೆ ಮೊದಲು ದುಬೈಯ ಅಲ್ ನಹ್ದಾದ ನಮ್ಮ ಈಗಿನ ಮನೆಯಲ್ಲಿ ಅಮ್ಮ ಸಿಂಕಿನ ಮುಂದೆ ನಿಂತು ಆ ದೊಡ್ಡ ಹರಿವಾಣವನ್ನು ತಿಕ್ಕುತ್ತಿದ್ದಳು. ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮತ್ತೆ ಹನ್ನೊಂದು ವರ್ಷದವಳಾಗಿ ಕರಾಮದ ಆ ಹಳೆಯ ಅಡುಗೆಮನೆಯ ಹೊಸ್ತಿಲಲ್ಲಿದ್ದೆ.

ಆ ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಹಾಲ್, ಒಂದೇ ಅಡುಗೆಮನೆ, ಒಂದೇ ಬಚ್ಚಲು, ಅದರಲ್ಲಿ ಎರಡು ಸಂಸಾರ. ದುಬೈಯವರು ಇದನ್ನು ಶೇರಿಂಗ್ ಎನ್ನುತ್ತಾರೆ. ಕುಂದಾಪುರದ ಕಡೆಯ ನಾವು ಮೂವರು ಒಂದು ಕೋಣೆಯಲ್ಲಿ. ಮಧುರೆಯ ಆಚೆಗಿನ ಯಾವುದೋ ಹಳ್ಳಿಯ ವೇಲು ಮಾಮ, ಅವರ ಹೆಂಡತಿ ಕಮಲಾ ಅತ್ತೆ ಇನ್ನೊಂದರಲ್ಲಿ. ವೇಲು ಮಾಮ ಹಡಗಿನ ಬಿಡಿಭಾಗ ಮಾರುವ ಕಂಪೆನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ ಕೀಪರ್. ಹಾಲ್ ನಡುವೆ ಪ್ಲೈವುಡ್ಡಿನ ಒಂದು ಅಡ್ಡಗೋಡೆ. ಈಚೆ ನನ್ನ ಓದುವ ಮೇಜು, ಅಪ್ಪನ ಹಳೇ ಕಂಪ್ಯೂಟರು. ಆಚೆ ಅವರ ಮಗಳು ಮಲರ್ ಅಕ್ಕನ ಮಂಚ. ಮಲರ್ ಅಕ್ಕ ಪಕ್ಕದ ಬೀದಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಪ್ರತಿ ಚಳಿಗಾಲ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ವೇಲು ಮಾಮನ ತಾಯಿ ಬಂದು ಆ ಮಂಚದ ಪಕ್ಕ ಚಾಪೆ ಹಾಸುತ್ತಿದ್ದಳು. ಅಪ್ಪನ ಅಮ್ಮನನ್ನು ಅವರ ಕಡೆ ಅಪ್ಪತ್ತಾ ಎನ್ನುತ್ತಾರೆ. ಮಲರ್ ಅಕ್ಕ ಕರೆದಂತೆ ನಾನೂ ಕರೆದೆ. ನಾಲ್ಕು ಒಲೆಯ ಗ್ಯಾಸಿನಲ್ಲಿ ಎಡಗಡೆಯ ಎರಡು ನಮ್ಮದು, ಬಲಗಡೆಯ ಎರಡು ಅವರದು. ನಮ್ಮ ಬಾಣಲೆಯ ತೆಂಗಿನೆಣ್ಣೆಯೂ ಅವರ ಎಳ್ಳೆಣ್ಣೆಯೂ ಜೊತೆಗೆ ಕಾದು ನನ್ನ ಸ್ಕೂಲಿನ ಯೂನಿಫಾರ್ಮಿಗೆ ಯಾವ ರಾಜ್ಯಕ್ಕೂ ಸೇರದ ಒಂದು ವಾಸನೆ ಬಂದಿತ್ತು. ಅವರು ತಮಿಳಿನಲ್ಲಿ ಮಾತಾಡುತ್ತಿದ್ದರು, ನಾವು ಕನ್ನಡದಲ್ಲಿ; ಯಾರ ಮಾತೂ ಯಾರಿಗೂ ಅಡ್ಡಬರಲಿಲ್ಲ. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನನ್ನ ನೆನಪಿನಲ್ಲಿ ಅದು ಉಳಿದಿರುವುದೇ ಹಾಗೆ.

ಶೇರಿಂಗ್ ಮನೆಗೆ ಒಂದು ಧರ್ಮವಿದೆ. ಗೋಡೆಯ ಆಚೆಯಿಂದ ಕೇಳಿಸಿದ್ದು ಕೇಳಿಸಿಲ್ಲ. ಗಂಡ ಹೆಂಡತಿ ಜಗಳವಾಡಲಿ, ಊರಿಂದ ಕೆಟ್ಟ ಸುದ್ದಿ ಬರಲಿ, ಯಾರಾದರೂ ಬಿಕ್ಕಳಿಸಲಿ, ಅವರಾಗಿ ಬಂದು ಹೇಳುವವರೆಗೆ ನಮಗೆ ಗೊತ್ತಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಎದುರಾದಾಗ ಅಮ್ಮ ಕೆಂಪಗಾದ ಕಣ್ಣನ್ನು ನೋಡದವಳಂತೆ, ಹಾಲು ಉಕ್ಕುತ್ತಿದೆ ಎನ್ನುತ್ತಿದ್ದಳು. ಅಮ್ಮ ಇದನ್ನು ನನಗೆ ಮಗ್ಗಿಗಿಂತ ಮೊದಲು ಕಲಿಸಿದ್ದಳು. ನಾನೂ ಚೆನ್ನಾಗಿಯೇ ಕಲಿತಿದ್ದೆ, ಅದೇ ಎಡವಟ್ಟಾಯಿತು.

ಆ ಚಳಿಗಾಲ ಅಪ್ಪತ್ತಾ ಬರುವಾಗ ಹಳೇ ಸೀರೆಯಲ್ಲಿ ಸುತ್ತಿ ಆ ಹರಿವಾಣ ತಂದಿದ್ದಳು. ಮಲರ್ ಅಕ್ಕನಿಗೆ ಗಂಡು ಗೊತ್ತಾಗಿತ್ತು. ಅವರಲ್ಲಿ ಎರಡು ಕಡೆಯವರೂ ತಟ್ಟೆ ಬದಲಾಯಿಸಿಕೊಂಡರೆ ಸಂಬಂಧ ನಿಂತ ಹಾಗೆ. ಆಮೇಲೆ ಮಾತು ಹಿಂದೆ ಹೋಗುವುದಿಲ್ಲ. ಅದಕ್ಕೆ ಈ ತಟ್ಟೆಯೇ ಆಗಬೇಕೆಂದು ಅಪ್ಪತ್ತಾಳ ಹಟ. ಎರಡು ದಿನಕ್ಕೊಮ್ಮೆ ತಿಕ್ಕುತ್ತಿದ್ದಳು, ಕರಾಮದ ಗಾಳಿಗೆ ಹಿತ್ತಾಳೆ ಕಪ್ಪಾಗುತ್ತದಂತೆ. ಸ್ಕೂಲಿನಿಂದ ಬಂದ ನಾನು ಹೊಸ್ತಿಲಲ್ಲಿ ಕುಳಿತು ಹುಣಸೆಹಣ್ಣಿನ ನಾರು ತೆಗೆದುಕೊಡುತ್ತಿದ್ದೆ. ತಿಕ್ಕುವಷ್ಟು ಹೊತ್ತು ಅವಳು ಮಾತಾಡುತ್ತಿದ್ದಳು, ಕಿವಿಯ ಭಾರದ ಓಲೆ ಭುಜಕ್ಕೆ ತಾಗುತ್ತ ಆಡುತ್ತಿತ್ತು. ಅವಳ ಅಜ್ಜಿಯನ್ನು ತರಲು ಗಂಡಿನವರು ಒಂದು ಜೊತೆ ಉಳುವ ಎತ್ತು, ಗಾಡಿ ಭತ್ತ ಹೊಡೆದುಕೊಂಡು ಬಂದಿದ್ದರಂತೆ. ಅವಳ ಅಮ್ಮನಿಗೆ ಬೆಳ್ಳಿಯ ರೂಪಾಯಿ. ಅದಕ್ಕೆ ಪರಿಸಂ ಎನ್ನುತ್ತಿದ್ದರು. ಹೆಣ್ಣು ಕೊಡುವವರ ಮುಂದೆ ಗಂಡಿನವರು ಚಾಪೆಯ ಅಂಚಿನಲ್ಲಿ ಕೂರಬೇಕು, ಹೆಣ್ಣಿನ ಸೋದರಮಾವ ಸಾಕು ಅನ್ನುವವರೆಗೆ ತಟ್ಟೆಗೆ ಇಡುತ್ತಿರಬೇಕು. ಅಪ್ಪತ್ತಾಳ ಸೋದರಮಾವ ಮೂರು ಸಲ ತಲೆಯಲ್ಲಾಡಿಸಿ ಸಾಲದು ಎಂದಿದ್ದನಂತೆ, ತನ್ನ ಮಗನಿಗೆ ಕೊಡಲಿಲ್ಲವೆಂಬ ಸಿಟ್ಟಿಗೆ. ಅದೆಲ್ಲ ಮುಗಿದ ಮೇಲೆ ಬೇರೆಯಾಗಿ ಒಂದೂಕಾಲು ರೂಪಾಯಿ, ಹುಡುಗಿಯ ತಾಯಿಯ ಮುಂದೆ. ಅದು ಹಾಲಿನ ಕೂಲಿ. ಮೊಲೆಹಾಲು ಕೊಟ್ಟು ಸಾಕಿದ್ದಕ್ಕೆ.

ಪಕ್ಕದ ಒಲೆಯಲ್ಲಿ ಮೀನು ಹುರಿಯುತ್ತಿದ್ದ ಅಮ್ಮ, ನಮ್ಮ ಕನ್ನಡನಾಡಿನಲ್ಲೂ ಹಿಂದೆ ಅದಿತ್ತು, ತೆರ ಎನ್ನುತ್ತಿದ್ದರು, ಒಳ್ಳೆಯ ಕಾಲ ಎಂದಳು. ಅಪ್ಪತ್ತಾ ನಕ್ಕಳು. ಒಳ್ಳೆಯದೂ ಅಲ್ಲ ಮಗಳೇ, ಅಂದಳು. ಎತ್ತು ಕೊಂಡ ಹಾಗೆ ಕೊಂಡಿದ್ದರು. ಗಂಡ ಹೊಡೆದಾಗ ನಾನು ತವರಿಗೆ ಓಡಿದರೆ ಅಪ್ಪ ರಾತ್ರಿಯೊಳಗೆ ವಾಪಸು ಬಿಟ್ಟುಬಂದ. ಇಟ್ಟುಕೊಂಡರೆ ಪರಿಸಂ ತಿರುಗಿ ಕೊಡಬೇಕಲ್ಲ. ಮತ್ತೆ ಹೆಣ್ಣಿನವರೇ ಕೊಡುವಂತೆ ಯಾವಾಗ ಈ ತಟ್ಟೆ ತಿರುಗಿತು ಎಂದು ಅಮ್ಮ ಕೇಳಿದಳು. ಊರಿನ ದೊಡ್ಡ ಮನೆಗಳಲ್ಲಿ ಮೊದಲು, ಅಂದಳು. ಓದಿದ ಗಂಡು, ಪ್ಯಾಂಟು ಹಾಕಿದ ಗಂಡು, ತಿಂಗಳ ಸಂಬಳದ ಗಂಡು ಅಂತ ಬಂದವು. ಆಮೇಲೆ ಅವರನ್ನು ನೋಡಿ ನಾವೂ. ಅವಳ ಕತೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗುತ್ತಿದ್ದಳು.

ಗಂಡು ಅಬುಧಾಬಿಯ ಆಚೆ ರುವೈಸ್‌ನಲ್ಲಿದ್ದವನು. ರಿಫೈನರಿಯಲ್ಲಿ ಟೆಕ್ನಿಷಿಯನ್, ಕಂಪೆನಿಯೇ ಕೊಟ್ಟ ಮನೆ. ಎರಡು ತಿಂಗಳಿಂದ ಮಲರ್ ಅಕ್ಕ ಅವನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅಡ್ಡಗೋಡೆಯ ಈಚೆ ಹೋಂವರ್ಕ್ ಮಾಡುತ್ತಿದ್ದ ನನಗೆ ಅವಳು ನಗುವನ್ನು ದಿಂಬಿನಲ್ಲಿ ಒತ್ತಿಕೊಳ್ಳುವುದು ಕೇಳಿಸುತ್ತಿತ್ತು, ಅಂದರೆ ಕೇಳಿಸುತ್ತಿರಲಿಲ್ಲ. ಅವಳಿಗೆ ಅವನು ಇಷ್ಟವಾಗಿದ್ದ. ಕೊಡುವ ತೆಗೆದುಕೊಳ್ಳುವ ಮಾತಾಡಿದ್ದು ಅವನ ಭಾವ, ಅಬುಧಾಬಿಯಲ್ಲಿದ್ದವನು. ನಮ್ಮ ಬೇಡಿಕೆಯೇನಿಲ್ಲ, ನಿಮ್ಮ ಹುಡುಗಿಗೆ ನೀವು ಹಾಕುವುದು ನೀವು ಹಾಕಿ ಎಂದು ಶುರುಮಾಡಿ, ಚಹಾ ಮುಗಿಯುವುದರೊಳಗೆ ಐವತ್ತು ಪವನು ಬಂಗಾರಕ್ಕೆ ಬಂದು ನಿಂತಿದ್ದ. ಚೀಟಿಯ ದುಡ್ಡು ಬರುತ್ತದೆ, ಯೋಚನೆ ಬೇಡ ಎಂದು ವೇಲು ಮಾಮ ಮನೆಯಲ್ಲಿ ಹೇಳಿದರು. ಎಲ್ಲರೂ ನಂಬಿದರು. ಎಷ್ಟು ಜೋಡಿ ಕಣ್ಣು ನೆಟ್ಟರೂ ಆ ಮನುಷ್ಯನ ಮುಖದಲ್ಲಿ ಏನೂ ಓದಲಾಗುತ್ತಿರಲಿಲ್ಲ.

ಒಂದು ಶುಕ್ರವಾರ ಊಟವಾಗಿ ಎಲ್ಲರೂ ಮಲಗಿದ್ದ ಮಧ್ಯಾಹ್ನ ಅವರು ನನ್ನ ಮೇಜಿನ ಬಳಿ ಬಂದು ಕುಳಿತರು. ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಒಂದು ಲೆಟರ್ ಬರೆದುಕೊಡು ಎಂದರು. ಆ ವಾರವಷ್ಟೇ ಸ್ಕೂಲಿನಲ್ಲಿ ಔಪಚಾರಿಕ ಪತ್ರಕ್ಕೆ ನನಗೆ ಪೂರ್ತಿ ಮಾರ್ಕು ಬಂದಿತ್ತು. ಕೆಲಸಕ್ಕೆ ರಾಜೀನಾಮೆ ಎಂದಾಗ ಕೈ ಒಂದು ಗಳಿಗೆ ನಿಂತಿತು; ಕೆಲಸ ಹೋದರೆ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಮರಳಬೇಕೆಂದು ಗಲ್ಫಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಪತ್ರಕ್ಕೆ ಕಾರಣ ಬೇಕಲ್ಲ, ಟೀಚರ್ ಹಾಗೆ ಕಲಿಸಿದ್ದರು, ಕೇಳಿದೆ. ಪರ್ಸನಲ್ ರೀಸನ್ಸ್ ಎಂದು ಹಾಕು, ಅಂದರು. ಆಮೇಲೆ ಅವರಾಗಿಯೇ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದರು. ಕೆಲಸ ಬಿಟ್ಟರೆ ಇಪ್ಪತ್ತೆರಡು ವರ್ಷದ ಗ್ರಾಚ್ಯುಟಿ ಒಟ್ಟಿಗೆ ಕೈಗೆ ಬರುತ್ತದೆ, ಬೇರೆ ದಾರಿಯಿಲ್ಲ, ಮದುವೆ ಮುಗಿಸಿ ಊರಿಗೆ ಹೋಗಿಬಿಡುತ್ತೇವೆ. ನಾನು ನನ್ನ ಕಡೆಯಿಂದ ಒಂದು ಸಾಲು ಸೇರಿಸಿದೆ, ಇಷ್ಟು ವರ್ಷ ಈ ಸಂಸ್ಥೆಯಲ್ಲಿ ದುಡಿದದ್ದು ನನ್ನ ಸುಯೋಗ ಎಂದು. ಓದಿ ಹೇಳಿದಾಗ ವೇಲು ಮಾಮ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. ಖಲಾಸ್, ಅಂದರು. ಎದ್ದವರು ಮತ್ತೆ ತಿರುಗಿ ಹೇಳಿದರು:

"ಯಾರಿಗೂ ಹೇಳಬೇಡ ಕಣ್ಣಾ. ಹೇಳಿದರೆ ಮಲರ್ ಮದುವೆ ನಿಂತುಹೋಗ್ತದೆ."

ಅಲ್ಲಿಂದ ಮೂರು ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಅಡ್ಡಗೋಡೆಯ ಆಚೆ ಮಲರ್ ಅಕ್ಕ ರುವೈಸ್‌ನ ಮನೆಗೆ ಯಾವ ಬಣ್ಣದ ಕರ್ಟನ್ ಎಂದು ಫೋನಿನಲ್ಲಿ ಕೇಳುತ್ತಿದ್ದರೆ ಈಚೆ ನಾನು ಬರೆದ ಲೆಕ್ಕವನ್ನೇ ಅಳಿಸಿ ಮತ್ತೆ ಬರೆಯುತ್ತಿದ್ದೆ. ಹೇಳಿದರೆ ಅವಳ ಮದುವೆ ಹೋಗುತ್ತದೆ, ಹೇಳದಿದ್ದರೆ ಈ ಮನೆಯೇ ಹೋಗುತ್ತದೆ. ಬಲಗಡೆಯ ಎರಡು ಒಲೆ ಆರಿದ ಅಡುಗೆಮನೆಯನ್ನು ನೆನೆದರೆ ಅಳು ಬರುತ್ತಿತ್ತು. ಒಮ್ಮೆ ತಡೆಯಲಾರದೆ ಅಮ್ಮನ ಬಳಿ, ವೇಲು ಮಾಮ ಮೊನ್ನೆ ನನ್ನ ಹತ್ತಿರ ಒಂದು ಲೆಟರ್ ಎಂದು ಬಾಯಿ ತೆಗೆದೆ. ಅಮ್ಮ ಕಣ್ಣು ಬಿಟ್ಟಳು. "ಅದ್ ನಮ್ಗ್ ಬೇಡ್ದಿದ್ ವಿಷ್ಯ. ಬಾಯ್ ಮುಚ್ಕಂಡ್ ಕೂಕೋ." ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ವೇಲು ಮಾಮ ದಿನಾ ಬೆಳಿಗ್ಗೆ ಎಂದಿನಂತೆ ಟಿಫಿನ್ ಡಬ್ಬಿ ಹಿಡಿದು ಮೆಟ್ರೋ ಕಡೆಗೆ ನಡೆದುಹೋಗುತ್ತಿದ್ದರು. ಮ್ಯಾನೇಜರು ರಜೆಯ ಮೇಲೆ ಹೋಗಿದ್ದಾರೆ, ಲೆಟರ್ ಅವರ ಮೇಜಿನ ಮೇಲೇ ಇದೆ ಎಂದು ಒಂದು ದಿನ ನನಗೆ ಮಾತ್ರ ಕೇಳುವಂತೆ ಹೇಳಿದರು. ನನ್ನನ್ನು ಬಿಟ್ಟರೆ ಅವರಿಗೂ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ತಟ್ಟೆ ಬದಲಾಯಿಸುವ ಶುಕ್ರವಾರ ಬಂತು. ಬೆಳಿಗ್ಗೆ ಏಳಕ್ಕೇ ಅಪ್ಪತ್ತಾ ಸಿಂಕಿನ ಮುಂದೆ ಮೊಣಕೈವರೆಗೆ ಹುಣಸೆಹುಳಿಯಾಗಿ ನಿಂತಿದ್ದಳು. ಅಮ್ಮ ಮತ್ತು ಕಮಲಾ ಅತ್ತೆ ಹೂವಿಗೆಂದು ಕೆಳಗೆ ಹೋಗಿದ್ದರು. ಇನ್ನು ಮೂರು ಗಂಟೆ, ಆಮೇಲೆ ಮಾತು ಹಿಂದೆ ಹೋಗುವುದಿಲ್ಲ. ಹುಣಸೆಯ ನಾರು ತೆಗೆಯುತ್ತ ತೆಗೆಯುತ್ತ ನನ್ನ ಬಾಯಿಂದ ಅದು ಬಂದುಬಿಟ್ಟಿತು. ವೇಲು ಮಾಮ ಕೆಲಸ ಬಿಟ್ಟಿದ್ದಾರೆ, ಬಂಗಾರಕ್ಕಾಗಿ. ತಿಕ್ಕುತ್ತಿದ್ದ ಕೈ ನಿಂತಿತು. ಯಾವಾಗ, ಎಂದು ಕೇಳಿದಳು. ಮೂರು ವಾರವಾಯಿತು ಎಂದೆ. ಅವನಿಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲವಲ್ಲ, ಬರೆದದ್ದು ಯಾರು, ಎಂದಳು. ನಾನು ಎಂದೆ. ಬೈಯುತ್ತಾಳೆಂದು ಕಾದೆ. ಅಪ್ಪತ್ತಾ ಮತ್ತೆ ತಿಕ್ಕತೊಡಗಿದಳು, ಅಂಚಿನ ಬಳ್ಳಿಯ ಒಂದೊಂದು ಎಲೆಯನ್ನೂ ಹೆಬ್ಬೆರಳಿನಿಂದ ಉಜ್ಜಿದಳು, ತೊಳೆದಳು, ಸೆರಗಿನಲ್ಲಿ ಒರೆಸಿದಳು. ಅವಳು ಏನು ಮಾಡುತ್ತಾಳೆಂದು ನನಗೆ ತಿಳಿಯಲಿಲ್ಲ.

ಹತ್ತಕ್ಕೆ ಅವರು ಬಂದರು, ಗಂಡು, ಅವನ ತಾಯಿ, ಭಾವ. ಗಂಡು ನೋಡಲು ಒಳ್ಳೆಯವನಂತಿದ್ದ, ಹೊಸ ಅಂಗಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಹಾಲ್ ನಡುವಿನ ಅಡ್ಡಗೋಡೆಯನ್ನು ಅಪ್ಪ ಮತ್ತು ವೇಲು ಮಾಮ ಸೇರಿ ಆ ದಿನದ ಮಟ್ಟಿಗೆ ಬಿಚ್ಚಿ ಒರಗಿಸಿಟ್ಟಿದ್ದರು. ನಮ್ಮ ಮನೆ ಇಷ್ಟು ದೊಡ್ಡದೇ ಎಂದು ನನಗೇ ಆಶ್ಚರ್ಯವಾಯಿತು. ಚಾಪೆಯ ಆ ಕಡೆ ಅವರ ಹಣ್ಣಿನ ತಟ್ಟೆ, ಈ ಕಡೆ ನಮ್ಮ ಹರಿವಾಣ, ಅದರಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಅರಿಸಿನ, ಮಲ್ಲಿಗೆ, ನಡುವೆ ಬಂಗಾರದ ಮುಂಗಡವಾಗಿ ಒಂದು ಸರದ ಕೆಂಪು ಡಬ್ಬಿ. ಮಲರ್ ಅಕ್ಕ ನೇರಳೆ ಸೀರೆಯುಟ್ಟು ಗೋಡೆಗೆ ಒರಗಿ ಕುಳಿತಿದ್ದಳು. ತಟ್ಟೆ ಎತ್ತಬೇಕೆನ್ನುವಾಗ ಅಪ್ಪತ್ತಾ ಮುಂದೆ ಸರಿದು, ಹರಿವಾಣದಲ್ಲಿದ್ದುದನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟಳು. ಎಲೆ, ಕಾಯಿ, ಹೂ, ಕೊನೆಗೆ ಆ ಡಬ್ಬಿ. ಯಾರಿಗೂ ಏನೂ ಅರ್ಥವಾಗಲಿಲ್ಲ. ಖಾಲಿ ತಟ್ಟೆಯನ್ನು ಅವಳು ಗಂಡಿನವರ ಕಡೆಗೆ ತಳ್ಳಿದಳು.

"ಮೊದಲು ನೀವು ಪರಿಸಂ ಇಡಿ. ಒಂದೂಕಾಲು ರೂಪಾಯಿ ಸಾಕು. ಆಮೇಲೆ ನಮ್ಮ ಹುಡುಗಿಯ ಮಾತು."

ಭಾವ ನಕ್ಕ. ಅಜ್ಜಿ ಯಾವ ಕಾಲದಲ್ಲಿದ್ದಾರೆ ಎಂದು ವೇಲು ಮಾಮನನ್ನು ನೋಡಿದ. ಅಮ್ಮಾ, ಎಂದು ವೇಲು ಮಾಮ ಹಲ್ಲು ಕಚ್ಚಿ ತಡೆಯಲು ಹೋದರು. ಅಪ್ಪತ್ತಾ ಅವರ ಕಡೆ ತಿರುಗಲೇ ಇಲ್ಲ. ಇವನು ಕೆಲಸ ಮಾರಿ ಬಂದಿದ್ದಾನೆ, ಇವನ ಇಪ್ಪತ್ತೆರಡು ವರ್ಷವನ್ನು ನಾವು ಇಟ್ಟಾಯಿತು, ನೀವು ಒಂದೂಕಾಲು ರೂಪಾಯಿ ಇಡಿ ಎಂದು ಅದೇ ದನಿಯಲ್ಲಿ ಹೇಳಿದಳು. ಮಲರ್ ಅಕ್ಕ ತನ್ನ ಅಪ್ಪನ ಮುಖ ನೋಡಿದಳು. ಅಲ್ಲಿ ಉತ್ತರವಿತ್ತು. ಆಮೇಲೆ ಅವಳು ಗಂಡಿನ ಕಡೆ ನೋಡಿದಳು, ನಾವೆಲ್ಲ ನೋಡಿದೆವು. ಅವನ ಕಿವಿ ಕೆಂಪಾಗಿತ್ತು. ಅವನ ಬಲಗೈ ಮೆಲ್ಲಗೆ ಪ್ಯಾಂಟಿನ ಜೇಬಿಗೆ ಹೋಯಿತು. ಜೇಬಿನೊಳಗೆ ಚಿಲ್ಲರೆಯ ಸದ್ದು ನನಗೆ ಕೇಳಿಸಿತು, ಸತ್ಯವಾಗಿ ಕೇಳಿಸಿತು. ಆಗ ಅವನ ತಾಯಿ ಅವನ ಮಣಿಕಟ್ಟಿನ ಮೇಲೆ ತನ್ನ ಕೈಯಿಟ್ಟಳು. ಸ್ವಲ್ಪ ಹೊತ್ತು ಎರಡೂ ಕೈ ಹಾಗೇ ಇದ್ದವು. ಅವನು ಖಾಲಿ ಕೈಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಲರ್ ಅಕ್ಕ ಎದ್ದು ಒಳಗೆ ಹೋದಳು. ಅವರು ಹಣ್ಣಿನ ತಟ್ಟೆ ಎತ್ತಿಕೊಂಡು ಹೊರಟರು.

ಬಾಗಿಲು ಹಾಕಿದ ಮೇಲೆ ವೇಲು ಮಾಮ ನಾನು ಎಂದೂ ಕೇಳಿರದಷ್ಟು ಜೋರಾಗಿ ಮಾತಾಡಿದರು. "ನನಗೆ ದುಬೈ ವೀಸಾ ಬಂದಾಗ ಇದೇ ತಟ್ಟೆ ಹಿಡಿದು ಮೂವತ್ತು ಪವನು ಕೇಳಿದವಳು ಯಾರು? ಕಮಲಾಳ ಅಪ್ಪ ಕೆರೆ ಕೆಳಗಿನ ಹೊಲ ಮಾರಿದ್ದು ಯಾರಿಗೋಸ್ಕರ?" ಅಪ್ಪತ್ತಾಳ ಕತೆ ಯಾಕೆ ಅಲ್ಲಿಗೇ ನಿಲ್ಲುತ್ತಿತ್ತೆಂದು ಅಂದು ತಿಳಿಯಿತು. ಅವಳು ತಲೆ ತಗ್ಗಿಸಿ ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕಮಲಾ ಅತ್ತೆ ನಿಂತಿದ್ದರು, ಕೈಯಲ್ಲಿ ಪಾಯಸದ ಸೌಟು. ಒಳಗಿನಿಂದ ಮಲರ್ ಅಕ್ಕ ಅಳುವುದು ಕೇಳಿಸುತ್ತಿತ್ತು. ಆ ದಿನ ಅಮ್ಮ ಕೇಳಿಸದವಳಂತೆ ಇರಲಿಲ್ಲ, ಎದ್ದು ಹೋಗಿ ಅವಳ ಪಕ್ಕ ಕುಳಿತಳು.

ಭಾನುವಾರ ಆಫೀಸು ತೆರೆಯುವ ಮೊದಲೇ ವೇಲು ಮಾಮ ಹೋದರು, ರಾಜೀನಾಮೆ ವಾಪಸು ತೆಗೆದುಕೊಳ್ಳಲು. ನಾನು ದೇವರ ಫೋಟೋದ ಮುಂದೆ ಕೂತಿದ್ದೆ. ಸಂಜೆ ಬಂದವರು ಟಿಫಿನ್ ಡಬ್ಬಿಯನ್ನು ತೊಳೆಯಲು ಇಟ್ಟು, ಆಗಲಿಲ್ಲ ಎಂದರು. ಎರಡು ವಾರ ಮ್ಯಾನೇಜರ ಮೇಜಿನ ಮೇಲಿದ್ದ ಲೆಟರ್ ಹೋದ ಭಾನುವಾರ ಸಹಿಯಾಗಿ ಹೆಡ್ ಆಫೀಸಿಗೆ ಹೋಗಿತ್ತು, ಅವರ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಾಗಿತ್ತು. ಒಂದು ವಾರ ಮೊದಲು ನಾನು ಬಾಯಿಬಿಟ್ಟಿದ್ದರೆ ಸಾಕಿತ್ತು. ಆಮೇಲೆ ನನ್ನನ್ನು ಹತ್ತಿರ ಕರೆದರು. ನಾನು ಕಣ್ಣು ಮುಚ್ಚಿಕೊಂಡೆ.

"ನಿನ್ನ ಇಂಗ್ಲಿಷ್ ತುಂಬ ಚೆನ್ನಾಗಿದೆ ಅಂದರು ಮ್ಯಾನೇಜರು. ಇಷ್ಟು ಒಳ್ಳೆ ಲೆಟರ್ ಯಾರೂ ಕೊಟ್ಟಿರಲಿಲ್ಲವಂತೆ."

ಅವರು ಅದನ್ನು ನನಗೆ ಸಂತೋಷವಾಗಲೆಂದೇ ಹೇಳಿದರು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗಬೇಕಾಗಿರಲಿಲ್ಲ. ಅಮ್ಮ ಮಾತ್ರ ಬಚ್ಚಲಿನ ಬಳಿ ನನ್ನ ರಟ್ಟೆ ಹಿಡಿದು, "ನಂಗಾರೂ ಹೇಳ್ಕಲ್ದಾ ಹೆಣ್ಣೇ?" ಎಂದಳು. ಐ ಟ್ರೈಡ್, ಅಮ್ಮ, ಎಂದೆ. ಅಮ್ಮ ರಟ್ಟೆ ಬಿಟ್ಟಳು.

ಮಲರ್ ಅಕ್ಕ ಅಪ್ಪನ ವೀಸಾದಿಂದ ಕ್ಲಿನಿಕ್ಕಿನ ವೀಸಾಕ್ಕೆ ಬದಲಾಯಿಸಿಕೊಂಡು, ಮಂಚವೊಂದನ್ನೇ ಬಾಡಿಗೆಗೆ ಕೊಡುವ ಹೆಂಗಸರ ಬೆಡ್‌ಸ್ಪೇಸಿಗೆ ಹೋದಳು. ಮಿಕ್ಕ ಮೂವರಿಗೆ ಊರಿಗೆ ಟಿಕೆಟಾಯಿತು. ಹೊರಡುವ ಬೆಳಿಗ್ಗೆ ಪೆಟ್ಟಿಗೆಗಳನ್ನೆಲ್ಲ ಬಾಗಿಲ ಬಳಿ ಇಟ್ಟ ಮೇಲೆ ಅಪ್ಪತ್ತಾ ಅಡುಗೆಮನೆಗೆ ಬಂದಳು. ಹರಿವಾಣವನ್ನು ಕೊನೆಯ ಸಲ ತಿಕ್ಕಿದ ವಾಸನೆ ಇನ್ನೂ ಇತ್ತು. ಅದರಲ್ಲಿ ಎರಡು ವೀಳ್ಯದೆಲೆ, ಒಂದು ದಿರ್ಹಮಿನ ನಾಣ್ಯ, ಕಾಲು ದಿರ್ಹಮಿಗೆ ಇಪ್ಪತ್ತೈದು ಫಿಲ್ಸಿನ ಒಂದು ಚಿಕ್ಕ ನಾಣ್ಯ. ಅದನ್ನು ಒಲೆ ಒರೆಸುತ್ತಿದ್ದ ಸೊಸೆಯ ಮುಂದೆ ನೆಲದ ಮೇಲಿಟ್ಟು, ತಾನೂ ಕಷ್ಟಪಟ್ಟು ಕುಳಿತಳು. ನಿನ್ನ ಅಮ್ಮನ ಮುಂದೆ ಇಡಬೇಕಿತ್ತು, ಅವಳು ಈಗ ಇಲ್ಲ, ನೀನು ತೆಗೆದುಕೋ ಎಂದಳು. ಕಮಲಾ ಅತ್ತೆ ಬಹಳ ಹೊತ್ತು ಆ ನಾಣ್ಯಗಳನ್ನೇ ನೋಡಿದರು. ಆಮೇಲೆ ಬಗ್ಗಿ ಎತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು.

"ನಮ್ಮಪ್ಪನ ಹೊಲದಲ್ಲಿ ಈಗ ಪೆಟ್ರೋಲ್ ಬಂಕ್ ಇದೆ, ಅತ್ತೆ," ಎಂದರು, ಅಷ್ಟೇ.

ತಟ್ಟೆಯನ್ನು ಅಪ್ಪತ್ತಾ ವಾಪಸು ಒಯ್ಯಲಿಲ್ಲ. ಇದು ಇನ್ನು ನಮ್ಮ ಊರಿಗೆ ಬೇಡ ಎಂದು ಅಮ್ಮನ ಕೈಗೆ ಕೊಟ್ಟಳು. ಎರಡು ವರ್ಷದ ಮೇಲೆ ಅವಳು ತೀರಿಕೊಂಡ ಸುದ್ದಿಯನ್ನು ಮಲರ್ ಅಕ್ಕ ಫೋನಿನಲ್ಲಿ ಹೇಳಿದಾಗ ನಾವೂ ಕರಾಮ ಬಿಟ್ಟಾಗಿತ್ತು. ಬಲಗಡೆಯ ಒಲೆಗಳಿಗೆ ಬಂದ ಬೇರೆ ಸಂಸಾರ ಒಳ್ಳೆಯದೇ, ಆದರೆ ಎಳ್ಳೆಣ್ಣೆಯ ವಾಸನೆಯಿಲ್ಲದ ಆ ಅಡುಗೆಮನೆಯಲ್ಲಿ ಅಮ್ಮನಿಗೂ ಕೈ ಓಡಲಿಲ್ಲ.

ನಾನೀಗ ಒಂದು ಕಂಪೆನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ರಾಜೀನಾಮೆಗಳು ಮೊದಲು ಬರುವುದು ನನ್ನ ಮೇಜಿಗೆ. ಹುಡುಗರೆಲ್ಲ ಇಮೇಲಿನಲ್ಲಿ ಕಳಿಸುತ್ತಾರೆ. ಹಳೆಯ ಡ್ರೈವರುಗಳು, ಸ್ಟೋರ್ ಕೀಪರುಗಳು ಮಾತ್ರ ಈಗಲೂ ಯಾರ ಕೈಯಲ್ಲೋ ಬರೆಸಿದ ಕಾಗದವನ್ನು ಮಡಚಿ ತರುತ್ತಾರೆ. ಅದನ್ನು ಅದೇ ದಿನ ಮೇಲೆ ಕಳಿಸಬೇಕೆಂಬುದು ನಿಯಮ. ಮನೆಯಲ್ಲಿ ಹೇಳಿದ್ದೀರಾ ಎಂದು ಕೇಳುತ್ತೇನೆ. ಹೆಚ್ಚಿನವರು ನೆಲ ನೋಡುತ್ತಾರೆ. ನಾನು ಕಾಗದವನ್ನು ತೆಗೆದುಕೊಂಡು ಎಡಗಡೆಯ ಡ್ರಾಯರಿನಲ್ಲಿ ಹಾಕಿ, ಒಂದು ವಾರ ಅಲ್ಲೇ ಬಿಡುತ್ತೇನೆ.